ಯಾವ ಕಾಗದ, ಯಾವ ನಾಣ್ಯ, ರಸ್ತೆಯ ಯಾವ ಬದಿ: ಒಕಿನಾವಾ ಪ್ರವಾಸಿ ಸೂಚನೆಗಳ ಚರಿತ್ರೆ

ಪ್ರವಾಸಿಗರಿಗಾಗಿ ಅಚ್ಚಾಗುವ ಕೈಪಿಡಿಗಳಲ್ಲಿ ದೇವಾಲಯ, ಕೋಟೆ, ಕಡಲತೀರಗಳ ವರ್ಣನೆ ಮುಗಿದ ಮೇಲೆ ಕೊನೆಯ ಕೆಲವು ಪುಟಗಳು ವ್ಯಾವಹಾರಿಕ ಸೂಚನೆಗಳಿಗೆ ಮೀಸಲಾಗಿರುತ್ತವೆ. ಯಾವ ದಾಖಲೆ ಬೇಕು, ಯಾವ ಹಣ ನಡೆಯುತ್ತದೆ, ಯಾವ ತಿಂಗಳಲ್ಲಿ ಹೋಗಬೇಕು, ವಾಹನ ರಸ್ತೆಯ ಯಾವ ಬದಿಯಲ್ಲಿ ಓಡುತ್ತದೆ, ಮರಳುವಾಗ ಏನನ್ನು ತರಬಾರದು ಎಂಬಂಥ ಈ ಸೂಚನೆಗಳನ್ನು ಓದುಗರು ಅವಸರದಲ್ಲಿ ನೋಡಿ ಮರೆಯುತ್ತಾರೆ, ಚರಿತ್ರಕಾರರಂತೂ ಅವುಗಳತ್ತ ತಿರುಗಿ ನೋಡುವುದು ಅಪರೂಪ. ಆದರೆ ಜಪಾನಿನ ದಕ್ಷಿಣ ತುದಿಯ ಒಕಿನಾವಾದ ಮಟ್ಟಿಗೆ ಆ ದ್ವೀಪಗಳನ್ನು ಯಾರು ಯಾವಾಗ ಆಳಿದರು ಎಂಬುದು ಈ ಕೊನೆಯ ಪುಟಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಸ್ಮಾರಕಗಳಲ್ಲೂ ಕಾಣುವುದಿಲ್ಲ. ಸೂಚನೆಗಳ ಒಂದೊಂದು ಸಾಲೂ ಒಂದೊಂದು ಆಳ್ವಿಕೆಯ ಕಾಲದಲ್ಲಿ ಬರೆದದ್ದು, ಮುಂದಿನ ಆಳ್ವಿಕೆಯಲ್ಲಿ ಅಳಿಸಿಹೋದದ್ದು ಅಥವಾ ತಿದ್ದಿಸಿಕೊಂಡದ್ದು.

ಜಪಾನಿನ ಕ್ಯೂಶೂ ದ್ವೀಪದಿಂದ ತೈವಾನಿನವರೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿ ಕಮಾನಿನಾಕಾರದಲ್ಲಿ ಹರಡಿರುವ ರ್ಯುಕ್ಯು ದ್ವೀಪಮಾಲೆಯಲ್ಲಿ ಒಕಿನಾವಾ ಅತಿ ದೊಡ್ಡ ದ್ವೀಪ. ಅದರ ಮುಖ್ಯ ಪಟ್ಟಣವಾದ ನಾಹಾ ಸುಮಾರು 26 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಉಷ್ಣವಲಯಕ್ಕೂ ಸಮಶೀತೋಷ್ಣ ವಲಯಕ್ಕೂ ನಡುವಣ ಉಪೋಷ್ಣವಲಯಕ್ಕೆ ಸೇರುತ್ತದೆ; ಜನವರಿಯಲ್ಲೂ ಅಲ್ಲಿನ ಸರಾಸರಿ ಉಷ್ಣತೆ 17 ಡಿಗ್ರಿಯಷ್ಟಿರುತ್ತದೆ, ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮೇ ತಿಂಗಳ ಮೊದಲ ಭಾಗದಿಂದ ಜೂನ್ ಕೊನೆಯವರೆಗೆ ಮುಂಗಾರು, ಅನಂತರ ಅಕ್ಟೋಬರ್ ತನಕ ಒಂದರ ಹಿಂದೊಂದು ಬರುವ ಚಂಡಮಾರುತಗಳು, ಚಳಿಗಾಲದಲ್ಲಿ ಬಿಡದೆ ಬೀಸುವ ಈಶಾನ್ಯದ ಗಾಳಿ, ಇವಿಷ್ಟು ಅಲ್ಲಿನ ಋತುಚಕ್ರ. 1429ರಲ್ಲಿ ಶೋ ಹಾಶಿ ಎಂಬ ಅರಸ ಮೂರು ಪಾಳೆಯಗಳನ್ನು ಒಂದುಗೂಡಿಸಿ ಶುರಿ ಕೋಟೆಯಿಂದ ಆಳಿದಂದಿನಿಂದ 1879ರವರೆಗೆ ಇದು ಸ್ವತಂತ್ರ ಹೆಸರಿದ್ದ ರಾಜ್ಯವಾಗಿತ್ತು.

ಈ ರಾಜ್ಯಕ್ಕೆ ಬರುತ್ತಿದ್ದ ಅತಿ ಗೌರವದ, ಅಷ್ಟೇ ದುಬಾರಿಯ ಅತಿಥಿಗಳೆಂದರೆ ಚೀನಾದ ಚಕ್ರವರ್ತಿಯ ರಾಯಭಾರಿಗಳು. ಹೊಸ ಅರಸ ಪಟ್ಟಕ್ಕೆ ಬಂದಾಗ ಚಕ್ರವರ್ತಿಯ ಮಾನ್ಯತೆಯ ಪತ್ರವನ್ನೂ ಕಿರೀಟವನ್ನೂ ಹೊತ್ತು ತರುತ್ತಿದ್ದ ಈ ನಿಯೋಗಗಳು 1404ರಿಂದ 1866ರವರೆಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಬಂದವು. ಫೂಝೌ ಬಂದರಿನಿಂದ ಬೇಸಗೆಯ ನೈಋತ್ಯ ಗಾಳಿ ಹಿಡಿದು ಹೊರಟ ಹಡಗು, ಮರಳಲು ಈಶಾನ್ಯದ ಗಾಳಿ ಏಳುವವರೆಗೂ ಕಾಯಲೇಬೇಕಿದ್ದುದರಿಂದ, ಕನ್ನಡ ಕರಾವಳಿಯ ಬಂದರುಗಳಲ್ಲಿ ಅರಬ್ ವರ್ತಕರು ಗಾಳಿ ತಿರುಗುವ ತನಕ ಬೀಡುಬಿಡುತ್ತಿದ್ದ ಹಾಗೆಯೇ, ನಾಲ್ಕೈದು ನೂರು ಮಂದಿಯ ಪರಿವಾರ ತಿಂಗಳುಗಟ್ಟಲೆ ನಾಹಾದಲ್ಲಿ ಉಳಿಯುತ್ತಿತ್ತು. ಅವರ ಬಿಡಾರಕ್ಕೆಂದೇ ತೆನ್‌ಶಿಕಾನ್ ಎಂಬ ಅತಿಥಿಗೃಹವಿತ್ತು. ಮನರಂಜನೆಗೆಂದು 1719ರಲ್ಲಿ ತಾಮಾಗುಸುಕು ಚೋಕುನ್ ಎಂಬ ಆಸ್ಥಾನಿಕ ರಚಿಸಿ ಆಡಿಸಿದ ಸಂಗೀತ ನಾಟಕವೇ ಇಂದು ಕುಮಿ ಓದೊರಿ ಎಂಬ ಹೆಸರಿನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿರುವ ರಂಗಕಲೆಯ ಮೊದಲ ಪ್ರಯೋಗ. ಅದೇ ವರ್ಷದ ನಿಯೋಗದಲ್ಲಿ ಉಪರಾಯಭಾರಿಯಾಗಿ ಬಂದಿದ್ದ ಶೂ ಬಾವ್‌ಗ್ವಾಂಗ್ ಊರಿಗೆ ಮರಳಿ ಬರೆದ, 1721ರಲ್ಲಿ ಪ್ರಕಟವಾದ ಗ್ರಂಥದಲ್ಲಿ ದಿಕ್ಸೂಚಿಯ ಮುಳ್ಳನ್ನು ಅನುಸರಿಸುವ ಸಮುದ್ರಮಾರ್ಗ, ದ್ವೀಪಗಳ ನಕ್ಷೆ, ಸ್ಥಳೀಯ ಮಾತುಗಳ ಪಟ್ಟಿ, ಊಟ ಉಡುಪುಗಳ ವಿವರ ಎಲ್ಲವೂ ಇವೆ. ಮುಂದೆ ಬರುವ ನಿಯೋಗದವರಿಗೆ ನೆರವಾಗಲೆಂಬ ಆಶಯ ಅದರಲ್ಲಿ ಇದ್ದೇ ಇದ್ದುದರಿಂದ ಅದನ್ನು ಈ ದ್ವೀಪಗಳ ಮೊದಲ ಸಮಗ್ರ ಪ್ರವಾಸಿ ಕೈಪಿಡಿ ಎಂದರೆ ತಪ್ಪಾಗದು.

ಆ ಗ್ರಂಥಕ್ಕೆ ಕಾಣದಂತೆ ಆತಿಥೇಯರು ಬಚ್ಚಿಟ್ಟದ್ದೂ ಕಡಿಮೆಯೇನಿಲ್ಲ. 1609ರಲ್ಲಿ ದಕ್ಷಿಣ ಜಪಾನಿನ ಸಾತ್ಸುಮಾ ಸಂಸ್ಥಾನವು ರ್ಯುಕ್ಯುವಿನ ಮೇಲೆ ದಂಡೆತ್ತಿ ಬಂದು ಅರಸನನ್ನು ಸೆರೆಹಿಡಿದು, ಬಳಿಕ ಕಪ್ಪ ಕೊಡುವ ಅಧೀನನಾಗಿ ಹಿಂದಕ್ಕೆ ಕಳುಹಿಸಿತ್ತು. ಆದರೆ ಚೀನಾದೊಂದಿಗಿನ ವ್ಯಾಪಾರದ ಲಾಭ ಕೈತಪ್ಪಬಾರದೆಂದು ಈ ಅಧೀನತೆಯನ್ನು ಗುಟ್ಟಾಗಿಯೇ ಇಡಬೇಕಿತ್ತು. ಚೀನೀ ಹಡಗು ಬಂದಿದೆಯೆಂದರೆ ಸಾತ್ಸುಮಾದ ಅಧಿಕಾರಿಗಳು ನಾಹಾವನ್ನು ಬಿಟ್ಟು ದೂರದ ಹಳ್ಳಿಗೆ ಸರಿದುಕೊಳ್ಳುತ್ತಿದ್ದರು, ಜಪಾನೀ ನಾಣ್ಯ ಪುಸ್ತಕಗಳನ್ನು ಅಡಗಿಸುವಂತೆ ಜನರಿಗೆ ಆಜ್ಞೆಯಾಗುತ್ತಿತ್ತು. ಚೀನಾಕ್ಕೆ ಹೋಗುವ ರ್ಯುಕ್ಯು ಪಯಣಿಗರಿಗಾಗಿ 18ನೇ ಶತಮಾನದ ನಡುಗಾಲದಲ್ಲಿ ಸಿದ್ಧವಾದ ಒಂದು ಸೂಚನಾ ಪುಸ್ತಿಕೆಯಲ್ಲಂತೂ ಅಲ್ಲಿನ ಅಧಿಕಾರಿಗಳು ಜಪಾನಿನ ಸಂಬಂಧದ ಬಗ್ಗೆ ಕೇಳಬಹುದಾದ ಪ್ರಶ್ನೆಗಳನ್ನೂ ಅವಕ್ಕೆ ಕೊಡಬೇಕಾದ ಉತ್ತರಗಳನ್ನೂ ಪ್ರಶ್ನೋತ್ತರ ರೂಪದಲ್ಲಿ ಬರೆದುಕೊಡಲಾಗಿತ್ತು. ನಾಹಾದಲ್ಲಿ ಕಾಣುವ ಜಪಾನೀಯರು ಯಾರೆಂದು ಕೇಳಿದರೆ ಅವರು ಉತ್ತರದ ತೊಕಾರ ದ್ವೀಪಗಳ ವರ್ತಕರು, ಆ ದ್ವೀಪಗಳು ನಮ್ಮವೇ ಎನ್ನಬೇಕೆಂಬುದು ಅಂಥ ಸಿದ್ಧ ಉತ್ತರಗಳಲ್ಲಿ ಒಂದು. ಚೀನೀಯರು ಇದನ್ನು ಎಷ್ಟರಮಟ್ಟಿಗೆ ನಂಬಿದರು ಎಂಬುದು ಬೇರೆಯೇ ಮಾತು. ಅತಿಥಿಯೂ ಆತಿಥೇಯನೂ ಗೊತ್ತಿದ್ದೂ ಗೊತ್ತಿಲ್ಲದಂತೆ ನಡೆದುಕೊಳ್ಳುವುದರಲ್ಲಿ ಇಬ್ಬರಿಗೂ ಅನುಕೂಲವಿತ್ತು.

ಯುರೋಪಿನ ಹಡಗುಗಳು ಈ ಕಡಲಿಗೆ ಬರತೊಡಗಿದಾಗಲೂ ನಾಹಾದ ಅಧಿಕಾರಿಗಳು ಇದೇ ಜಾಣ್ಮೆಯನ್ನು ಇನ್ನೊಂದು ಬಗೆಯಲ್ಲಿ ಬಳಸಿದರು. 1816ರ ಶರತ್ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ಆಲ್ಸೆಸ್ಟ್ ಮತ್ತು ಲೈರಾ ಎಂಬ ಎರಡು ಹಡಗುಗಳು ನಾಹಾದ ಎದುರು ಸುಮಾರು ಆರು ವಾರ ಲಂಗರು ಹಾಕಿದ್ದವು. ಲೈರಾದ ಕಪ್ತಾನ ಬೇಸಿಲ್ ಹಾಲ್ 1818ರಲ್ಲಿ ಪ್ರಕಟಿಸಿದ ಪ್ರವಾಸಕಥನವು, ಹಣವನ್ನೇ ಅರಿಯದ, ಆಯುಧಗಳಿಲ್ಲದ, ಅತಿಥಿಗಳಿಗೆ ಕೋಳಿ, ಹಂದಿ, ತರಕಾರಿ, ನೀರನ್ನು ಪುಕ್ಕಟೆಯಾಗಿ ಕೊಡುವ ಸಜ್ಜನರ ದ್ವೀಪವೆಂಬ ಚಿತ್ರವನ್ನು ಯುರೋಪಿನಲ್ಲಿ ಹರಡಿತು. ರ್ಯುಕ್ಯುವಿನಲ್ಲಿ ಹಣವೂ ಇತ್ತು, ಸಂತೆಯೂ ಇತ್ತು. ಬೆಲೆ ತೆಗೆದುಕೊಂಡರೆ ವ್ಯಾಪಾರ ಆರಂಭವಾದಂತಾಗುತ್ತದೆ, ವ್ಯಾಪಾರ ಆರಂಭವಾದರೆ ಬಂದವರು ಬೇರುಬಿಡುತ್ತಾರೆ ಎಂಬ ಲೆಕ್ಕಾಚಾರ ಆ ಔದಾರ್ಯದ ಹಿಂದಿತ್ತು. ಬಂದವರು ದಡದ ಒಂದು ಎಲ್ಲೆಯನ್ನು ದಾಟಿ ಪಟ್ಟಣದೊಳಕ್ಕೆ ನಡೆಯದಂತೆ ಅಧಿಕಾರಿಗಳು ನಯವಾಗಿ, ಆದರೆ ಬಿಡದೆ ತಡೆಯುತ್ತಿದ್ದುದನ್ನು ಹಾಲ್ ತಾನೇ ದಾಖಲಿಸಿದ್ದಾನೆ.

ಈ ಎರಡೂ ತಂತ್ರಗಳನ್ನು ಒಂದೇ ಏಟಿಗೆ ಕೆಡವಿದವನು ಅಮೆರಿಕದ ಕಮೊಡೋರ್ ಪೆರಿ. ಜಪಾನಿನ ಬಾಗಿಲು ತೆರೆಸಲು ಹೊರಟು 1853ರ ಮೇ ತಿಂಗಳಲ್ಲಿ ನಾಹಾಕ್ಕೆ ಬಂದಿಳಿದ ಅವನು, 1854ರ ಜುಲೈ 11ರಂದು ರ್ಯುಕ್ಯು ಸರ್ಕಾರದಿಂದ ಸಹಿ ಹಾಕಿಸಿಕೊಂಡ ಒಪ್ಪಂದ ಓದಲು ರಾಜತಾಂತ್ರಿಕ ದಾಖಲೆಗಿಂತ ಪ್ರವಾಸಿಗರ ಅನುಕೂಲಗಳ ಪಟ್ಟಿಯಂತಿದೆ. ಅಮೆರಿಕನ್ನರು ಕೇಳಿದ ವಸ್ತುವನ್ನು ಅಧಿಕಾರಿಗಳಾಗಲಿ ಜನರಾಗಲಿ ಅವರಿಗೆ ಮಾರಬೇಕು. ಸೌದೆಗೂ ನೀರಿಗೂ ತಾಮ್ರದ ನಾಣ್ಯದಲ್ಲಿ ಗೊತ್ತುಮಾಡಿದ ಬೆಲೆ ಪಡೆಯಬೇಕು. ದಡಕ್ಕಿಳಿದ ನಾವಿಕರು ಇಷ್ಟಬಂದಲ್ಲಿ ತಿರುಗಾಡಲು ಬಿಡಬೇಕು, ಅವರ ಹಿಂದೆ ಗೂಢಚಾರರನ್ನು ಅಟ್ಟಬಾರದು. ಆದರೆ ನಾವಿಕರು ಬಲವಂತವಾಗಿ ಮನೆಗಳಿಗೆ ನುಗ್ಗಿದರೆ, ಹೆಂಗಸರ ಗೊಡವೆಗೆ ಹೋದರೆ ಸ್ಥಳೀಯ ಅಧಿಕಾರಿಗಳು ಹಿಡಿದು, ಹೊಡೆಯದೆ, ಕಪ್ತಾನನಿಗೆ ಒಪ್ಪಿಸಬಹುದು. ದ್ವೀಪವನ್ನು ಸುತ್ತುವರಿದ ಹವಳದ ದಿಬ್ಬಗಳ ನಡುವೆ ದಾರಿ ತೋರಿಸಲು ನುರಿತ ನಾವಿಕರು ದಡದಲ್ಲಿ ಕಾಯುತ್ತಿದ್ದು, ಹಡಗು ಕಂಡೊಡನೆ ದಿಬ್ಬದಾಚೆಗೆ ಹೋಗಿ ಅದನ್ನು ಒಳಕ್ಕೆ ತರಬೇಕು, ಅವರ ಕೂಲಿ 5 ಡಾಲರ್. ಹೊರಕ್ಕೆ ಸಾಗಿಸಲು ಮತ್ತೆ ಅಷ್ಟೇ. ತೊಮಾರಿಯಲ್ಲಿರುವ ಅಮೆರಿಕನ್ನರ ಗೋರಿಗಳನ್ನು ಯಾರೂ ಕೆಡಿಸಬಾರದೆಂಬ ಕಲಮೂ ಉಂಟು. ಆ ವಿದೇಶೀ ಸ್ಮಶಾನ ಇಂದಿಗೂ ನಾಹಾದಲ್ಲಿದೆ. ದಾರಿ ತೋರಿದ್ದಕ್ಕೆ ಡಾಲರಿನಲ್ಲಿ ಸಂಬಳವೆಂದು ಬರೆದ ಈ ಕಾಗದಕ್ಕೂ, ಡಾಲರೇ ದ್ವೀಪದ ನಾಣ್ಯವಾದ ದಿನಕ್ಕೂ ನೂರು ವರ್ಷದಷ್ಟೇ ಅಂತರ.

1879ರಲ್ಲಿ ಮೆಯ್ಜಿ ಸರ್ಕಾರವು ಕೊನೆಯ ಅರಸ ಶೋ ತಾಯಿಯನ್ನು ಕೆಳಗಿಳಿಸಿ ರ್ಯುಕ್ಯುವನ್ನು ಒಕಿನಾವಾ ಪ್ರಾಂತವೆಂದು ಘೋಷಿಸಿದ ಮೇಲೆ ಕಾಗದಪತ್ರಗಳ ತೊಡಕು ಸದ್ಯಕ್ಕೆ ತೀರಿತು. ಒಸಾಕಾ, ಕಾಗೊಶಿಮಾಗಳಿಂದ ಉಗಿಹಡಗುಗಳು ಬರತೊಡಗಿದವು. 1914ರಲ್ಲಿ ನಾಹಾದಿಂದ ಯೊನಾಬಾರುವಿಗೆ ಕಿರುಗಾತ್ರದ ರೈಲುಮಾರ್ಗ ತೆರೆಯಿತು. ದ್ವೀಪದ ಕುಂಭ, ನೇಯ್ಗೆ, ಬಣ್ಣದ ಬಟ್ಟೆಗಳ ಚೆಲುವನ್ನು ಹುಡುಕಿಕೊಂಡು 1930ರ ದಶಕದ ಕೊನೆಯಲ್ಲಿ ಜಾನಪದ ಕಲೆಗಳ ಚಿಂತಕ ಯಾನಗಿ ಸೋಯೆತ್ಸುವಿನಂಥವರು ಬಂದರು. 1945ರ ವಸಂತದ ಯುದ್ಧದಲ್ಲಿ ಇವೆಲ್ಲ ಸುಟ್ಟುಹೋದವು. ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ ನಡೆದ ಆ ಕಾಳಗದಲ್ಲಿ ಎರಡೂ ಪಕ್ಷಗಳ ಸೈನಿಕರೂ ನಾಗರಿಕರೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಶುರಿ ಕೋಟೆ ನೆಲಸಮವಾಯಿತು, ರೈಲು ಮತ್ತೆ ಓಡಲೇ ಇಲ್ಲ.

ಮುಂದಿನ 27 ವರ್ಷ ಒಕಿನಾವಾ ಅಮೆರಿಕದ ಆಡಳಿತದಲ್ಲಿತ್ತು, ಪ್ರವಾಸಿ ಸೂಚನೆಗಳು ಅತ್ಯಂತ ಬಿಗಿಯಾಗಿ ಬರೆಯಲ್ಪಟ್ಟದ್ದು ಆ ಅವಧಿಯಲ್ಲಿಯೇ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಒಪ್ಪಂದ ಜಾರಿಯಾಗಿ ಜಪಾನ್ ಸ್ವತಂತ್ರವಾಯಿತು, ಒಕಿನಾವಾ ಆಗಲಿಲ್ಲ. ಜಪಾನಿನ ಪೌರನೊಬ್ಬ ಅಲ್ಲಿಗೆ ಹೋಗಬೇಕಾದರೆ ತನ್ನ ಪ್ರಧಾನಿಯ ಹೆಸರಿನಲ್ಲಿ ಕೊಡಲಾಗುತ್ತಿದ್ದ ಗುರುತಿನ ಪತ್ರ ಬೇಕಿತ್ತು, ಅದರೊಂದಿಗೆ ದ್ವೀಪದ ಅಮೆರಿಕನ್ ಆಡಳಿತದ ಪ್ರವೇಶಾನುಮತಿಯೂ ಬೇಕಿತ್ತು; ಒಕಿನಾವಾದವನು ಟೋಕಿಯೊಗೆ ಹೋಗಬೇಕಾದರೆ ಆ ಆಡಳಿತವೇ ಕೊಡುತ್ತಿದ್ದ, ಪಾಸ್‌ಪೋರ್ಟನ್ನು ಹೋಲುವ ಯಾತ್ರಾಪತ್ರ ಬೇಕಿತ್ತು. ಅರ್ಜಿದಾರನ ರಾಜಕೀಯ ಒಲವಿನ ಬಗ್ಗೆ ಸಂಶಯವಿದ್ದರೆ ಹೆಚ್ಚುವರಿ ಅರ್ಜಿಯೊಂದನ್ನು ತುಂಬಿಸಿಕೊಳ್ಳಲಾಗುತ್ತಿತ್ತು. ನಾಹಾದ ಮೇಯರ್ ಆಗಿ ಆರಿಸಿಬಂದು ಹುದ್ದೆ ಕಳೆದುಕೊಂಡಿದ್ದ ಎಡಪಂಥೀಯ ನಾಯಕ ಸೆನಾಗಾ ಕಾಮೆಜಿರೊಗೆ ಅನುಮತಿ ಮತ್ತೆ ಮತ್ತೆ ನಿರಾಕರಣೆಯಾದದ್ದು ಇದರ ಹೆಸರಾಂತ ಉದಾಹರಣೆ.

ಹಣದ ವಿಷಯ ಇನ್ನೂ ಗೋಜಲಿನದು. ಯುದ್ಧಾನಂತರ ಹಲವು ಬಾರಿ ಬದಲಾದ ನಾಣ್ಯಪದ್ಧತಿ 1948ರ ಜುಲೈಯಲ್ಲಿ ಬಿ-ಯೆನ್ ಎಂಬ ಸೈನಿಕ ನೋಟಿನಲ್ಲಿ ನೆಲೆನಿಂತಿತು. ಡಾಲರಿಗೆ 360 ಜಪಾನೀ ಯೆನ್ ಇದ್ದಾಗ ಬಿ-ಯೆನ್ 120 ಮಾತ್ರ, ಅಂದರೆ ಒಂದು ಬಿ-ಯೆನ್ನಿಗೆ ಮೂರು ಯೆನ್. ದ್ವೀಪದ ನಾಣ್ಯವನ್ನು ಹೀಗೆ ಬೇಕೆಂದೇ ಬಲಪಡಿಸಿದ್ದರಿಂದ ಹೊರಗಿನ ಸರಕು ಅಗ್ಗವಾಗಿ ಬಂದು ತುಂಬಿಕೊಂಡಿತು, ಊರಿನ ಕೈಗಾರಿಕೆ ಮೊಳೆಯಲಿಲ್ಲ. 1958ರ ಸೆಪ್ಟೆಂಬರಿನಲ್ಲಿ ಬಿ-ಯೆನ್ ಕೂಡ ಹೋಗಿ ಡಾಲರ್ ಬಂದಿತು. ಆ ಕಾಲದಲ್ಲಿ ಜಪಾನಿನಿಂದ ಬರುತ್ತಿದ್ದವರಲ್ಲಿ ಬಹುಪಾಲು ಯುದ್ಧದಲ್ಲಿ ಮಡಿದ ಸೈನಿಕರ ಬಂಧುಗಳು. ದ್ವೀಪದ ದಕ್ಷಿಣ ತುದಿಯ ಮಬುನಿ ಗುಡ್ಡದಲ್ಲಿ ಜಪಾನಿನ ಒಂದೊಂದು ಪ್ರಾಂತವೂ ತನ್ನವರಿಗಾಗಿ ಕಟ್ಟಿಸಿದ, ಹೆಚ್ಚಾಗಿ 1960ರ ದಶಕದ ಸ್ಮಾರಕಗಳಿಗೆ ಹೂವಿಟ್ಟು ಧೂಪ ಹಾಕಿ, ಮಧ್ಯಾಹ್ನ ನಾಹಾದ ಕೊಕುಸಾಯಿ ಬೀದಿಯಲ್ಲಿ ಜಪಾನಿನ ಭಾರೀ ಸುಂಕವಿಲ್ಲದೆ ಸಿಗುತ್ತಿದ್ದ ವಿಸ್ಕಿ, ಕೈಗಡಿಯಾರ, ಸುಗಂಧದ್ರವ್ಯ ಕೊಂಡು ಹಡಗು ಹತ್ತುವುದು ಅಂದಿನ ಪ್ರವಾಸದ ಸಾಮಾನ್ಯ ಕ್ರಮವಾಗಿತ್ತು. ಈ ಎರಡರ ಜೋಡಣೆ ಇಂದಿನವರಿಗೆ ಇರಿಸುಮುರಿಸು ಉಂಟುಮಾಡಬಹುದಾದರೂ ತೀರ್ಥಯಾತ್ರೆ ಎಲ್ಲೆಡೆಯೂ ಸಂತೆಯನ್ನು ಪಕ್ಕದಲ್ಲಿಟ್ಟುಕೊಂಡೇ ಬೆಳೆದಿದೆ.

ಗಡಿಯೆಂಬುದು ಎಷ್ಟು ಅಕ್ಷರಶಃ ಜಾರಿಯಲ್ಲಿತ್ತು ಎಂಬುದಕ್ಕೆ 1958ರ ಬೇಸಗೆಯ ಒಂದು ಘಟನೆ ಸಾಕ್ಷಿ. ಶುರಿ ಪ್ರೌಢಶಾಲೆಯ ಬೇಸ್‌ಬಾಲ್ ತಂಡ ಒಕಿನಾವಾದಿಂದ ಮೊಟ್ಟಮೊದಲಿಗೆ ಕೊಶಿಯೆನ್ ಕ್ರೀಡಾಂಗಣದ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಿ, ಮೊದಲ ಪಂದ್ಯದಲ್ಲೇ ಸೋತು, ಸೋತ ತಂಡಗಳ ವಾಡಿಕೆಯಂತೆ ಮೈದಾನದ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಹಡಗಿನಲ್ಲಿ ಮರಳಿತು. ಆದರೆ ಸಸ್ಯ ಸಂಗರೋಧದ, ಎಂದರೆ ಬೆಳೆಗಳ ರೋಗಕೀಟಗಳು ಹೊರಗಿನಿಂದ ನುಸುಳದಂತೆ ತಡೆಯುವ ನಿಯಮದ ಪ್ರಕಾರ ಅದು ವಿದೇಶದ ಮಣ್ಣಾದುದರಿಂದ ನಾಹಾ ಬಂದರಿನಲ್ಲಿ ಅದನ್ನು ಸಮುದ್ರಕ್ಕೆ ಸುರಿಯಬೇಕಾಯಿತು. ಸುದ್ದಿ ತಿಳಿದ ಜಪಾನಿನ ವಿಮಾನ ಪರಿಚಾರಿಕೆಯರು ಮಣ್ಣಿಗೆ ಬದಲಾಗಿ ಕೊಶಿಯೆನ್‌ನ ಬೆಣಚುಕಲ್ಲುಗಳನ್ನು ಕಳುಹಿಸಿಕೊಟ್ಟರು. ಕಲ್ಲಿಗೆ ನಿಯಮ ಅಡ್ಡಬರುತ್ತಿರಲಿಲ್ಲ. ಅವುಗಳನ್ನು ಕೂರಿಸಿದ ಸ್ಮಾರಕ ಆ ಶಾಲೆಯ ಆವರಣದಲ್ಲಿದೆ.

1972ರ ಮೇ 15ರಂದು ಒಕಿನಾವಾ ಜಪಾನಿಗೆ ಮರಳಿತು. ಗುರುತಿನ ಪತ್ರಗಳು ಅಂದೇ ರದ್ದಾದವು, ಡಾಲರುಗಳನ್ನು 305 ಯೆನ್ ದರದಲ್ಲಿ ಬದಲಿಸಿಕೊಡಲಾಯಿತು. ದಶಕಗಳ ಕಾಲ 360ರ ಲೆಕ್ಕದಲ್ಲಿ ಬದುಕಿದ್ದ ಜನರಿಗೆ ಇದು ನಷ್ಟವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಗ್ಗದ ವಿದೇಶೀ ಸರಕಿನ ಆಕರ್ಷಣೆ ಒಮ್ಮೆಲೇ ನಿಂತುಹೋದರೆ ಪ್ರವಾಸೋದ್ಯಮ ಕುಸಿದೀತೆಂದು ತೆರಿಗೆ ವಿನಾಯಿತಿಯನ್ನು ಬೇರೆ ಬೇರೆ ರೂಪಗಳಲ್ಲಿ ಮುಂದುವರಿಸಲಾಯಿತು. ಒಕಿನಾವಾದಿಂದ ಜಪಾನಿನ ಇತರ ಭಾಗಗಳಿಗೆ ಹೊರಡುವ ಪ್ರಯಾಣಿಕ, ದೇಶದ ಗಡಿಯನ್ನೇ ದಾಟದಿದ್ದರೂ, 2,00,000 ಯೆನ್ ಮೌಲ್ಯದವರೆಗಿನ ವಿದೇಶೀ ಸರಕನ್ನು ಸುಂಕವಿಲ್ಲದೆ ಕೊಳ್ಳಬಹುದೆಂಬ ನಿಯಮ ಆ ಹಳೆಯ ಏರ್ಪಾಡಿನ ಉಳಿಕೆ.

ಮರಳಿಕೆಯ ಸಂಭ್ರಮಕ್ಕೆಂದು 1975ರ ಜುಲೈ 20ರಿಂದ ಆರು ತಿಂಗಳ ಕಾಲ ಮೊತೊಬು ಪರ್ಯಾಯದ್ವೀಪದಲ್ಲಿ ಅಂತರರಾಷ್ಟ್ರೀಯ ಸಾಗರ ಮೇಳ ನಡೆಯಿತು. 45 ಲಕ್ಷ ಜನರನ್ನು ನಿರೀಕ್ಷಿಸಿದ್ದ ಮೇಳಕ್ಕೆ ಬಂದವರು ಸುಮಾರು 35 ಲಕ್ಷ. ಸಾಲ ಮಾಡಿ ಹೋಟೆಲು ಕಟ್ಟಿದ್ದ ಅನೇಕರು ಮರುವರ್ಷ ದಿವಾಳಿಯಾದರು. 1975ರಲ್ಲಿ 15 ಲಕ್ಷ ದಾಟಿದ್ದ ಪ್ರವಾಸಿಗರ ಸಂಖ್ಯೆ 1976ರಲ್ಲಿ ಹೆಚ್ಚು ಕಡಿಮೆ ಅರ್ಧಕ್ಕಿಳಿಯಿತು. ಹೆದ್ದಾರಿ ಮತ್ತು ಮತ್ಸ್ಯಾಲಯ ಮಾತ್ರ ಉಳಿದವು. ನೀಲಿ ಸಮುದ್ರ, ಬಿಳಿ ಮರಳು, ಈಜುಡುಗೆಯ ತರುಣಿ ಇರುವ ವಿಮಾನ ಕಂಪನಿಗಳ ಬೇಸಗೆಯ ಭಿತ್ತಿಚಿತ್ರಗಳು ಈ ಕುಸಿತದ ಬೆನ್ನಲ್ಲೇ ಬಂದವು. ಹೂವು ಧೂಪಗಳೊಂದಿಗೆ ಹೋಗುವ ಊರು ಕಡಲಾಟದ ಊರಾಗಿ ಬದಲಾದದ್ದು ಹೀಗೆ.

ರಸ್ತೆಯ ಬದಿ ಮಾತ್ರ ಇನ್ನೂ ಅಮೆರಿಕದ್ದೇ ಆಗಿತ್ತು. ಜಪಾನಿನಲ್ಲಿ ಭಾರತದಂತೆಯೇ ವಾಹನಗಳು ಎಡಬದಿಯಲ್ಲಿ ಓಡುತ್ತವೆ. ಒಕಿನಾವಾದಲ್ಲಿ 1945ರಿಂದ ಬಲಬದಿ. ಒಂದು ದೇಶದೊಳಗೆ ಒಂದೇ ಪದ್ಧತಿ ಇರಬೇಕೆಂದು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದ ಹೇಳುತ್ತಿದ್ದುದರಿಂದ ಬದಲಾವಣೆ ಅನಿವಾರ್ಯವಾಗಿ, 1978ರ ಜುಲೈ 30 ಅದಕ್ಕೆ ಗೊತ್ತಾಯಿತು. ತಿಂಗಳು ಮತ್ತು ದಿನಾಂಕ ಕೂಡಿಸಿ 730 ಎಂಬ ಅಂಕಿಯನ್ನೇ ಪ್ರಚಾರದ ಗುರುತಾಗಿ ಬಳಸಲಾಯಿತು. ಹೊಸ ಸೂಚನಾ ಫಲಕಗಳನ್ನು ಮೊದಲೇ ನೆಟ್ಟು ಹೊದಿಕೆ ಹಾಕಿಡಲಾಗಿತ್ತು. ಜುಲೈ 29ರ ರಾತ್ರಿ 10 ಗಂಟೆಗೆ ತುರ್ತು ವಾಹನಗಳ ಹೊರತು ಎಲ್ಲ ಸಂಚಾರವನ್ನೂ ನಿಲ್ಲಿಸಿ, ಹೊದಿಕೆಗಳನ್ನು ಹಳೆಯ ಫಲಕಗಳಿಗೆ ವರ್ಗಾಯಿಸಿ, ಬಾಣದ ಗುರುತುಗಳನ್ನು ಬದಲಿಸಿ, ಬೆಳಗಿನ 6 ಗಂಟೆಗೆ ಎಡಬದಿಯ ಸಂಚಾರ ಆರಂಭಿಸಲಾಯಿತು. ಖಾಸಗಿ ಕಾರುಗಳ ಮುಂದೀಪಗಳನ್ನು ಬದಲಿಸಿದರೆ ಸಾಕಿತ್ತು, ಏಕೆಂದರೆ ದೀಪದ ಕಿರಣ ರಸ್ತೆಯಂಚಿನ ಕಡೆಗೆ ಓರೆಯಾಗಿರುತ್ತದೆ. ಬಸ್ಸುಗಳ ಕಥೆ ಬೇರೆ, ಬಾಗಿಲೇ ರಸ್ತೆಯ ನಡುವಿಗೆ ತೆರೆಯುವಂತಾಗುತ್ತಿತ್ತು. ಆದ್ದರಿಂದ ಸಾವಿರದಷ್ಟು ಹೊಸ ಬಸ್ಸುಗಳನ್ನು ಒಟ್ಟಿಗೆ ತರಿಸಲಾಯಿತು. ಆ ತಂಡದ ಒಂದೆರಡು ಬಸ್ಸುಗಳನ್ನು ಸ್ಥಳೀಯ ಕಂಪನಿಗಳು ದುರಸ್ತಿ ಮಾಡಿ ಮಾಡಿ ಓಡಿಸುತ್ತ ಬಂದಿವೆ, ಬಸ್ಸು ಪ್ರಿಯರು ಅದಕ್ಕೆಂದೇ ನಾಹಾಕ್ಕೆ ಬರುವುದುಂಟು.

ರೈಲು ಮರಳಿದ್ದು 2003ರ ಆಗಸ್ಟ್‌ನಲ್ಲಿ, ಅದೂ ವಿಮಾನ ನಿಲ್ದಾಣದಿಂದ ಶುರಿಯವರೆಗಿನ ಒಂಟಿಹಳಿಯ ಮೇಲುಸೇತುವೆ ರೈಲಾಗಿ. ಉಳಿದ ದ್ವೀಪಕ್ಕೆ ಬಾಡಿಗೆ ಕಾರೇ ಗತಿ. ಉತ್ತರಕ್ಕೆ ಹೊರಟವರಿಗೆ 58ನೇ ಹೆದ್ದಾರಿಯ ಬದಿಯಲ್ಲಿ ಕಾಣುವ ಕಿಲೋಮೀಟರುಗಟ್ಟಲೆ ಬೇಲಿ ಅಮೆರಿಕದ ಸೇನಾನೆಲೆಗಳದು. ಮುಖ್ಯ ದ್ವೀಪದ ಸುಮಾರು ಶೇಕಡ 15ರಷ್ಟು ಭೂಮಿ ಈಗಲೂ ಆ ಬೇಲಿಯೊಳಗಿದೆ. ರಾಜರ ಕಾಲದ ಸೂಚನೆಗಳೂ ಪೂರ್ತಿ ಅಳಿದಿಲ್ಲ. ಅರ್ಚಕಿಯರ ಪರಂಪರೆಯ ಅತಿ ಪವಿತ್ರ ವನವಾದ ಸೇಫಾ ಉತಾಕಿಗೆ ಹಿಂದೆ ಗಂಡಸರಿಗೆ ಪ್ರವೇಶವಿರಲಿಲ್ಲ. ಇಂದು ಟಿಕೆಟ್ ಕೊಂಡವರೆಲ್ಲ ಹೋಗಬಹುದಾದರೂ ಚಾಂದ್ರಮಾನದ ಐದನೆಯ ಮತ್ತು ಹತ್ತನೆಯ ತಿಂಗಳುಗಳ ಮೊದಲ ಮೂರು ದಿನ ಅದನ್ನು ಮುಚ್ಚಲಾಗುತ್ತದೆ.

ಕೈಪಿಡಿಯ ಕೊನೆಯ ಸಾಲು, ಏನನ್ನು ಒಯ್ಯಬಾರದು ಎಂಬುದು, ಇಷ್ಟೆಲ್ಲ ಆಳ್ವಿಕೆಗಳು ಬದಲಾದರೂ ಉಳಿದುಕೊಂಡಿದೆ. ಹಾಗಲಕಾಯಿಯನ್ನೂ ಇತರ ಬಳ್ಳಿಗಾಯಿಗಳನ್ನೂ ಕೆಡಿಸುವ ಹಣ್ಣಿನ ನೊಣ 1919ರಿಂದ ದಕ್ಷಿಣದ ದ್ವೀಪಗಳಲ್ಲಿ ಕಾಣಿಸಿಕೊಂಡು, ಹಂತಹಂತವಾಗಿ ಉತ್ತರಕ್ಕೆ ಹರಡಿದುದರಿಂದ ಒಕಿನಾವಾದ ಹಾಗಲಕಾಯಿ ಜಪಾನಿನ ಮಾರುಕಟ್ಟೆಗೆ ಹೋಗುವಂತಿರಲಿಲ್ಲ. ವಿಕಿರಣದಿಂದ ಸಂತಾನಶಕ್ತಿ ಕಳೆದ ಗಂಡು ನೊಣಗಳನ್ನು ಅಪಾರ ಸಂಖ್ಯೆಯಲ್ಲಿ ಬಿಟ್ಟು ವಂಶವನ್ನೇ ಕುಗ್ಗಿಸುವ ವಿಧಾನದಿಂದ, ಎರಡು ದಶಕಗಳಲ್ಲಿ 5,000 ಕೋಟಿಗೂ ಹೆಚ್ಚು ನೊಣಗಳನ್ನು ಸಾಕಿ ಹಾರಿಬಿಟ್ಟು, 1993ರಲ್ಲಿ ಆ ಕೀಟವನ್ನು ಪ್ರಾಂತದಿಂದಲೇ ನಿರ್ಮೂಲ ಮಾಡಲಾಯಿತು. ಗೆಣಸಿನ ಪಾಲಿಗೆ ಅಂಥ ಬಿಡುಗಡೆ ಇನ್ನೂ ಬಂದಿಲ್ಲ. 1605ರಲ್ಲಿ ನೊಗುನಿ ಸೋಕನ್ ಎಂಬ ಹಡಗಿನ ಅಧಿಕಾರಿ ಚೀನಾದ ಫುಜಿಯಾನ್‌ನಿಂದ ತಂದ ಗೆಣಸಿನ ಬಳ್ಳಿ ಒಕಿನಾವಾವನ್ನು ಬರಗಾಲದಿಂದ ಉಳಿಸಿ, ಸಾತ್ಸುಮಾದ ಮೂಲಕ ಜಪಾನಿನಾದ್ಯಂತ ಹಬ್ಬಿತು. ಅದೇ ಗೆಣಸನ್ನು ಹಸಿಯಾಗಿ ಒಕಿನಾವಾದಿಂದ ಜಪಾನಿನ ಮುಖ್ಯ ದ್ವೀಪಗಳಿಗೆ ಒಯ್ಯುವುದು ಇಂದು ನಿಷಿದ್ಧ, ಏಕೆಂದರೆ ಗಡ್ಡೆಯೊಳಗೆ ಕೊರೆದು ಬದುಕುವ ಎರಡು ಜಾತಿಯ ಮೂತಿಹುಳುಗಳು ಜೊತೆಗೇ ಹೋಗುತ್ತವೆ. ಅವುಗಳಲ್ಲಿ ಒಂದನ್ನು 2013ರಲ್ಲಿ ಕುಮೆ ದ್ವೀಪದಿಂದ ಅಳಿಸಲಾಗಿದೆಯಾದರೂ ಇನ್ನೊಂದು ಉಳಿದಿದೆ. ಬೇಯಿಸಿದ ಅಥವಾ ಸುಟ್ಟ ಗೆಣಸಿಗೆ ಅಡ್ಡಿಯಿಲ್ಲ. ನಾಹಾ ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ರಾಶಿ ಬೀಳುವ, ಯೊಮಿತಾನ್ ಗ್ರಾಮದಲ್ಲಿ 1980ರ ದಶಕದಲ್ಲಿ ಹುಟ್ಟಿದ ನೇರಳೆ ಗೆಣಸಿನ ಟಾರ್ಟ್‌ಗಳನ್ನು ಪ್ರವಾಸಿಗರು ಎಷ್ಟು ಬೇಕಾದರೂ ಒಯ್ಯಬಹುದು.